‘ಮೈಸೂರು’ ಎಂದು ಹುಡುಕಿದರೆ ಸಿಗದ ಟಿಪ್ಪಣಿ: ಓಪನ್ ಸೋರ್ಸ್ ಕೆಲಸ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಬಿ.ಇ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಮದ್ದೂರಿನ ಹತ್ತಿರದ ಹಳ್ಳಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಜಾವಾ, ಪೈಥಾನ್ ತಕ್ಕಮಟ್ಟಿಗೆ ಬರುತ್ತವೆ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವುದನ್ನು ವಿಡಿಯೊ ನೋಡಿ ಕಲಿತೆ. ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಹೆಸರಿದ್ದರೆ ಕೆಲಸ ಸಿಗುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದರಿಂದ, ಒಂದು ದೊಡ್ಡ ಯೋಜನೆಯ ರೀಡ್‌ಮಿ ಎಂಬ ಪರಿಚಯದ ಕಡತದಲ್ಲಿ ಎರಡು ಅಲ್ಪವಿರಾಮ ಸರಿಪಡಿಸಿ, ಕೆಳಗೆ ನನ್ನ ಹೆಸರು ಸೇರಿಸಿ, ಈ ಬದಲಾವಣೆ ಸೇರಿಸಿಕೊಳ್ಳಿ ಎಂದು ಕೋರುವ ಪುಲ್ ರಿಕ್ವೆಸ್ಟ್ ಕಳುಹಿಸಿದೆ. ಹತ್ತೇ ನಿಮಿಷದಲ್ಲಿ ‘ಸ್ಪ್ಯಾಮ್’ ಎಂಬ ಚೀಟಿ ಅಂಟಿಸಿ ಮುಚ್ಚಿಬಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ. ಹೊಸಬರಿಗೆಂದು ‘ಗುಡ್ ಫಸ್ಟ್ ಇಶ್ಯೂ’ ಗುರುತು ಹಾಕಿದ ಕೆಲಸಗಳನ್ನು ನೋಡಿದರೆ ಪ್ರತಿಯೊಂದರಲ್ಲೂ ಮೂವತ್ತು ಜನ ‘ನನಗೆ ಕೊಡಿ’ ಎಂದು ಸಾಲಿನಲ್ಲಿ ನಿಂತಿರುತ್ತಾರೆ. ಕೋಡ್ ತೆರೆದರೆ ಲಕ್ಷಗಟ್ಟಲೆ ಸಾಲು, ತಲೆಬುಡ ಅರ್ಥವಾಗುವುದಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್, ಇಂಟರ್ನೆಟ್ ಮೊಬೈಲ್‌ನದು. ‘ದುಡ್ಡಿಲ್ಲದೆ ಯಾರದೋ ಕೆಲಸ ಏಕೆ ಮಾಡುತ್ತೀಯ’ ಎಂದು ಅಪ್ಪ ಕೇಳುತ್ತಾರೆ. ಹಳೆಯ ಖಾತೆ ಅಳಿಸಿ ಹೊಸದು ತೆರೆಯಲೇ? ಇದು ನನ್ನಂಥವರಿಗೆ ಆಗುವ ಕೆಲಸವೇ? ಇನ್ನೊಂದು ಮಾತು: ನಾನು ದಿನವೂ ಬಳಸುವ ಟಿಪ್ಪಣಿ ಬರೆಯುವ ತಂತ್ರಾಂಶವೂ ಓಪನ್ ಸೋರ್ಸ್. ಅದರಲ್ಲೂ ಕನ್ನಡ ಸರಿಯಿಲ್ಲ. ಗೆಳೆಯ ತನ್ನ ಮ್ಯಾಕ್‌ನಿಂದ ಕಳುಹಿಸಿದ ಟಿಪ್ಪಣಿಗಳ ಶೀರ್ಷಿಕೆಯಲ್ಲಿ ‘ಮಂಡ್ಯ’ ಎಂದು ಹುಡುಕಿದರೆ ಸಿಗುತ್ತದೆ, ‘ಮೈಸೂರು’ ಎಂದು ಹುಡುಕಿದರೆ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ಇಂಥವನ್ನೆಲ್ಲ ಯಾರು ಸರಿ ಮಾಡುತ್ತಾರೋ!

ಉತ್ತರ: ಮುಚ್ಚಿದ ಆ ಪುಲ್ ರಿಕ್ವೆಸ್ಟ್‌ನ ವಿಷಯ ಮೊದಲು ಮುಗಿಸೋಣ, ನಿಮ್ಮ ಪತ್ರದ ತುಂಬ ಅದರ ನೋವೇ ಇದೆ. ಖಾತೆ ಅಳಿಸಬೇಡಿ. ಮುಚ್ಚಿದವರು ಆ ಕ್ಷಣವೇ ಮುಂದಿನ ಕೆಲಸಕ್ಕೆ ಹೋಗಿರುತ್ತಾರೆ, ನಿಮ್ಮ ಹೆಸರು ಅವರಿಗೆ ನೆನಪಿರುವುದಿಲ್ಲ. ನೀವು ಸರಿಯಾದ ಕೆಲಸದೊಂದಿಗೆ ಮರಳಿ ಹೋದರೆ ಹಳೆಯದನ್ನು ಯಾರೂ ಎತ್ತಿ ಆಡುವುದಿಲ್ಲ. ಆದರೆ ಅವರು ಹತ್ತು ನಿಮಿಷದಲ್ಲಿ ಏಕೆ ಮುಚ್ಚಿದರು ಎಂಬುದು ನಿಮಗೆ ತಿಳಿದಿರಬೇಕು.

ಪ್ರತಿವರ್ಷ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮ ನಡೆಯುತ್ತದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಎಂದಿತ್ತು. ಶರ್ಟಿಗಾಗಿ ಸಾವಿರಾರು ಜನ ರೀಡ್‌ಮಿ ಕಡತಗಳಲ್ಲಿ ಒಂದೊಂದು ಪದ ಸೇರಿಸಿ ಕಳುಹಿಸಿದರು. ಯೋಜನೆಗಳನ್ನು ನಡೆಸುವವರು ದಿನವಿಡೀ ಕುಳಿತು ಅವನ್ನು ಮುಚ್ಚಬೇಕಾಯಿತು. ಗಲಾಟೆ ಎಷ್ಟಾಯಿತೆಂದರೆ, ಒಪ್ಪಿಗೆ ಕೊಟ್ಟ ಯೋಜನೆಗಳು ಮಾತ್ರ ಲೆಕ್ಕಕ್ಕೆ ಎಂದು ಆಯೋಜಕರು ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿದರು. ವಿಡಿಯೊ ಪಾಠದಲ್ಲಿ ತೋರಿಸಿದ ಹಾಗೆ ಹೆಸರು ಸೇರಿಸಿ ಕಳುಹಿಸುವವರ ಹಾವಳಿ ಆಮೇಲೂ ನಿಂತಿಲ್ಲ, ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ಬಹಳ. ನಿಮ್ಮದು ಆ ರಾಶಿಯೊಳಗೆ ಸೇರಿಹೋಯಿತು, ಅಷ್ಟೇ. ನೀವು ಕೆಟ್ಟ ಉದ್ದೇಶದಿಂದ ಮಾಡಲಿಲ್ಲ ಎಂದು ನನಗೆ ಗೊತ್ತು. ಆ ಕಡೆ ಕುಳಿತವರಿಗೆ ಅದನ್ನು ತಿಳಿಯುವ ದಾರಿ ಇರಲಿಲ್ಲ.

ಇಲ್ಲಿಯೇ ಮೂಲ ತಪ್ಪು ತಿಳಿವಳಿಕೆ ಇರುವುದು. ಕೋಡ್ ಕಳುಹಿಸಿದರೆ ಯೋಜನೆಗೆ ಉಪಕಾರ ಮಾಡಿದಂತೆ ಎಂದು ನಾವು ಅಂದುಕೊಳ್ಳುತ್ತೇವೆ. ಯೋಜನೆಯನ್ನು ನಡೆಸುವ ಮೇಂಟೈನರ್‌ಗೆ ಅದು ಓದಬೇಕಾದ, ಪರೀಕ್ಷಿಸಬೇಕಾದ, ನೀವು ಹೊರಟುಹೋದ ಮೇಲೂ ಹತ್ತು ವರ್ಷ ಹೊತ್ತು ತಿರುಗಬೇಕಾದ ಹೊರೆ. ಆ ಹೊರೆಗಿಂತ ಪ್ರಯೋಜನ ದೊಡ್ಡದಾಗಿದ್ದರೆ ಮಾತ್ರ ಅವರು ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ. ನಿಮ್ಮೂರಿನಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವುದನ್ನು ನೋಡಿರುತ್ತೀರಿ. ಗದ್ದೆಗೆ ಇಳಿದವನು ಮೊದಲು ಆ ಮನೆಯವರು ಯಾವ ಅಂತರದಲ್ಲಿ ಪೈರು ನೆಡುತ್ತಿದ್ದಾರೆ ಎಂದು ನೋಡಿಕೊಂಡು ಅದೇ ಸಾಲು ಹಿಡಿಯುತ್ತಾನೆ. ಹೊಸಬರು ಮೊದಲ ತಿಂಗಳು ಮಾಡಬೇಕಾದದ್ದು ಇದೇ.

ನನ್ನ ಮೊದಲ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕೂಡ ಹಿಂದಿರುಗಿ ಬಂದಿತ್ತು. ಒಂದು ಸಣ್ಣ ದೋಷ ಸರಿಪಡಿಸಲು ಹೋದವನು, ಆ ಕಡತದ ಜೋಡಣೆ ಚೆನ್ನಾಗಿಲ್ಲವೆಂದು ಅನಿಸಿ ಎಲ್ಲ ಸಾಲುಗಳ ಅಂತರವನ್ನೂ ಬದಲಿಸಿ, ನಾಲ್ಕಾರು ಹೆಸರುಗಳನ್ನೂ ತಿದ್ದಿ, ಸುಮಾರು ಆರುನೂರು ಸಾಲಿನ ಬದಲಾವಣೆ ಕಳುಹಿಸಿದ್ದೆ. ‘ಇದರಲ್ಲಿ ದೋಷ ಸರಿಪಡಿಸಿದ ಸಾಲು ಯಾವುದು?’ ಎಂದು ಒಂದೇ ಪ್ರಶ್ನೆ ಕೇಳಿದರು. ಮೂರು ವಾರ ಮುನಿಸಿಕೊಂಡು ಕುಳಿತೆ. ಆಮೇಲೆ ಬಿಡಿಸಿ ನೋಡಿದಾಗ ನಿಜವಾಗಿ ಬೇಕಾದದ್ದು ಹನ್ನೊಂದು ಸಾಲು. ಅದನ್ನಷ್ಟೇ ಕಳುಹಿಸಿದೆ, ಎರಡು ದಿನದಲ್ಲಿ ಸೇರಿಸಿಕೊಂಡರು. ಒಂದು ಪುಲ್ ರಿಕ್ವೆಸ್ಟ್‌ಗೆ ಒಂದೇ ವಿಷಯ ಎಂಬುದನ್ನು ಅಂದಿನಿಂದ ಮೀರಿಲ್ಲ.

ಲಕ್ಷಗಟ್ಟಲೆ ಸಾಲು ನೋಡಿ ಎದೆಗುಂದಿದೆ ಎಂದಿದ್ದೀರಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. 1991ರಲ್ಲಿ ಅದನ್ನು ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಸೇರಿದಂತೆ ಅದೆಲ್ಲವನ್ನೂ ಓದಿದವರು ಯಾರೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಯಾವುದೋ ಉಪನಾಲೆಯ ನೀರುಗಂಟಿಗೆ ತನ್ನ ತೂಬುಗಳು, ತನ್ನ ಬಯಲು ಗೊತ್ತಿದ್ದರೆ ಕೆಲಸ ನಡೆಯುತ್ತದೆ, ಕನ್ನಂಬಾಡಿ ಕಟ್ಟೆಯ ನಕ್ಷೆ ಬಾಯಿಪಾಠವಿರಬೇಕಿಲ್ಲ. ಕೋಡ್‌ನಲ್ಲೂ ಹಾಗೆಯೇ. ಒಂದು ಗುಂಡಿ ಒತ್ತಿದಾಗ ಕಾಣುವ ಪದವನ್ನು ಕೋಡ್‌ನೊಳಗೆ ಹುಡುಕಿ, ಅದು ಎಲ್ಲಿಂದ ಬಂತು, ಯಾವ ಫಂಕ್ಷನ್ ಅದನ್ನು ಕರೆಯಿತು ಎಂದು ಎಳೆ ಹಿಡಿದು ಹೋಗಿ. ಐದಾರು ಕಡತಗಳಲ್ಲಿ ನಿಮಗೆ ಬೇಕಾದದ್ದು ಮುಗಿದಿರುತ್ತದೆ.

ಅಲ್ಗಾರಿದಮ್‌ಗಳಲ್ಲಿ ಪಳಗಿರಬೇಕು ಎಂಬುದೂ ಇಂಥದೇ ಭಯ. ಅದು ಸಂದರ್ಶನಕ್ಕೆ ಬೇಕಾದೀತು. ಇಲ್ಲಿ ಹೆಚ್ಚು ಬೇಕಾಗುವುದು ತಾಳ್ಮೆಯಿಂದ ಓದುವ ಅಭ್ಯಾಸ ಮತ್ತು ನೋಡಿದ್ದನ್ನು ನೋಡಿದ ಹಾಗೆ ಬರೆಯುವ ಪ್ರಾಮಾಣಿಕತೆ. ಇಂಗ್ಲಿಷ್ ವಿಷಯಕ್ಕೆ ಬಂದರೆ, ಮೇಂಟೈನರ್‌ಗಳಲ್ಲಿ ಬಹಳ ಮಂದಿಗೆ ಅದು ತಾಯ್ನುಡಿಯಲ್ಲ. ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಕಾಗದದ ಮೇಲೆ ಬರೆದುಕೊಳ್ಳಿ, ಆಮೇಲೆ ಒಂದು ವಾಕ್ಯಕ್ಕೆ ಒಂದು ಸಂಗತಿಯಂತೆ ಸರಳ ಇಂಗ್ಲಿಷ್‌ಗೆ ತನ್ನಿ. ನಾನು ಇಂದಿಗೂ ಕಷ್ಟದ ವಿಷಯಗಳನ್ನು ಹೀಗೆಯೇ ಬರೆಯುತ್ತೇನೆ.

ಈಗ ನಿಮ್ಮ ಪತ್ರದ ಕೊನೆಯ ಸಾಲುಗಳಿಗೆ ಬರುತ್ತೇನೆ. ಅವನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ‘ಮಂಡ್ಯ’ ಸಿಗುತ್ತದೆ, ‘ಮೈಸೂರು’ ಸಿಗುವುದಿಲ್ಲ. ದೊಡ್ಡ ಯೋಜನೆಯ ಅಲ್ಪವಿರಾಮ ಹುಡುಕಿಕೊಂಡು ಹೋದವರ ಕೈಯಲ್ಲೇ ಒಂದು ನಿಜವಾದ ದೋಷ ಇತ್ತು.

ಏನಾಗಿರಬಹುದು ಎಂದು ನೋಡಿ. ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಮಂಡ್ಯ’ ಎಂಬುದು ಮ, ಸೊನ್ನೆ, ಡ, ಹಲಂತ, ಯ ಎಂಬ ಐದು ಸಂಕೇತಗಳು. ಅದನ್ನು ಬೇರೆ ರೀತಿ ಬರೆಯಲು ಬರುವುದಿಲ್ಲ. ‘ಮೈಸೂರು’ ಹಾಗಲ್ಲ. ಅದರಲ್ಲಿರುವ ಐತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಅದರ ಪಕ್ಕದ ಉದ್ದನೆಯ ಗುರುತು ಎಂದು ಎರಡಾಗಿ ಬಿಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್ ಎಣಿಸಿದರೆ ಮೊದಲನೆಯದು ಆರು ಸಂಕೇತ, ಎರಡನೆಯದು ಏಳು. ನಾವು ಕೀಲಿಮಣೆಯಲ್ಲಿ ಒತ್ತಿದಾಗ ಸಾಮಾನ್ಯವಾಗಿ ಬರುವುದು ಆರರ ರೂಪ. ಮ್ಯಾಕ್‌ನಿಂದ ಬಂದ ಕಡತಗಳ ಹೆಸರುಗಳಲ್ಲಿ ಬಿಡಿಸಿದ ರೂಪ ಇಣುಕುವುದು ಹಳೆಯ ಕತೆ. ನಿಮ್ಮ ತಂತ್ರಾಂಶ ಶೀರ್ಷಿಕೆಯನ್ನೇ ಕಡತದ ಹೆಸರಾಗಿ ಇಡುತ್ತಿದ್ದರೆ, ಹುಡುಕುವಾಗ ಆರನ್ನು ಏಳರ ಜತೆ ಹೋಲಿಸಿ ‘ಇಲ್ಲ’ ಎನ್ನುತ್ತಿದೆ ಎಂಬುದು ನನ್ನ ಬಲವಾದ ಊಹೆ.

ಊಹೆಯನ್ನು ನೀವೇ ಪರೀಕ್ಷಿಸಿ. ಕನ್ನಡದಲ್ಲಿ ಹೀಗೆ ಎರಡು ರೂಪವಿರುವ ಸ್ವರಚಿಹ್ನೆಗಳು ಐದೇ: ಈ, ಏ, ಐ, ಒ, ಓ ಸ್ವರಗಳವು. ಗೆಳೆಯನ ಮ್ಯಾಕ್‌ನಿಂದ ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲ ಎಂಬ ಶೀರ್ಷಿಕೆಯ ನಾಲ್ಕು ಟಿಪ್ಪಣಿ ತರಿಸಿಕೊಳ್ಳಿ, ಜತೆಗೆ ಶ್ರೀರಂಗಪಟ್ಟಣ ಮತ್ತು ಕೆ.ಆರ್. ಪೇಟೆ ಎಂಬ ಎರಡು. ನನ್ನ ಊಹೆ ಸರಿಯಿದ್ದರೆ ಮೊದಲ ನಾಲ್ಕೂ ಸಿಗುತ್ತವೆ, ಕೊನೆಯ ಎರಡು ಸಿಗುವುದಿಲ್ಲ. ಶ್ರೀಯಲ್ಲಿ ಈತ್ವವಿದೆ, ಪೇಟೆಯಲ್ಲಿ ಏತ್ವವಿದೆ. ಪೈಥಾನ್ ಬರುತ್ತದಲ್ಲ, ಎರಡೂ ಕಡೆಯ ‘ಮೈಸೂರು’ ಪದದ ಉದ್ದವನ್ನು ಮುದ್ರಿಸಿ ನೋಡಿ. ಆರು ಮತ್ತು ಏಳು ಬಂದರೆ ದೋಷ ಕೈಗೆ ಸಿಕ್ಕಿತು. ಎರಡೂ ಆರೇ ಬಂದರೆ ನಾನು ತಪ್ಪು, ಬೇರೆ ಕಾರಣ ಹುಡುಕಬೇಕು.

ಯುರೋಪಿನಲ್ಲೋ ಅಮೆರಿಕದಲ್ಲೋ ಕುಳಿತ ಮೇಂಟೈನರ್‌ಗೆ ಈ ಪರೀಕ್ಷೆ ಹೊಳೆಯುವ ಸಂಭವವೇ ಕಡಿಮೆ. ಅವರಿಗೆ ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಮೂವತ್ತು ಜನರ ಸಾಲಿನಲ್ಲಿ ನೀವು ಮೂವತ್ತೊಂದನೆಯವರು, ಇಲ್ಲಿ ನೀವೊಬ್ಬರೇ. ಕನ್ನಡ ಮಾಧ್ಯಮ ಎಂದು ಹಿಂಜರಿದು ಬರೆದಿದ್ದೀರಿ. ಈ ಕೆಲಸದಲ್ಲಿ ಅದೇ ನಿಮ್ಮ ಬಂಡವಾಳ.

ಪರೀಕ್ಷೆ ಮುಗಿದ ಮೇಲೂ ಕೋಡ್ ಬರೆಯಲು ಕೂರಬೇಡಿ. ಆ ಯೋಜನೆಯ ಇಶ್ಯೂಗಳಲ್ಲಿ, ಅಂದರೆ ದೂರುಗಳ ಪಟ್ಟಿಯಲ್ಲಿ, ಇದೇ ದೂರು ಮೊದಲೇ ಇದೆಯೇ ಎಂದು ಹುಡುಕಿ, ಮುಚ್ಚಿದವುಗಳನ್ನೂ ಸೇರಿಸಿ. ಫ್ರೆಂಚ್, ವಿಯೆಟ್ನಾಮಿ ಭಾಷೆಗಳ ಮೇಲ್ಗುರುತಿನ ಅಕ್ಷರಗಳಿಗೂ ಇದೇ ತೊಂದರೆ ಇರುವುದರಿಂದ ಯಾರಾದರೂ ಹೇಳಿರಬಹುದು. ಇದ್ದರೆ ಅಲ್ಲಿಯೇ ನಿಮ್ಮ ಕನ್ನಡದ ಉದಾಹರಣೆ ಸೇರಿಸಿ. ಇಲ್ಲದಿದ್ದರೆ ಹೊಸ ಇಶ್ಯೂ ತೆರೆದು ಬರೆಯಿರಿ: ತಂತ್ರಾಂಶದ ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಎರಡು ಚಿಕ್ಕ ಕಡತಗಳನ್ನು ಝಿಪ್ ಮಾಡಿ ಲಗತ್ತಿಸಿ, ಅವರು ತಮ್ಮ ಯಂತ್ರದಲ್ಲಿ ಮಾಡಿ ನೋಡುವಂತಿರಲಿ. ಕೊನೆಯಲ್ಲಿ ‘ಸರಿಪಡಿಸಲು ನಾನು ಪ್ರಯತ್ನಿಸಬಹುದೇ?’ ಎಂದು ಒಂದು ಸಾಲು.

ಕೇಳಿಯೇ ಮುಂದುವರಿಯಬೇಕು ಎನ್ನಲು ಕಾರಣವಿದೆ. ಹೋಲಿಸುವ ಮೊದಲು ಎರಡೂ ಕಡೆಯ ಪದಗಳನ್ನು ಬಿಡಿಸಿದ್ದನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಸಾಕು, ಅದು ಮೂರು ನಾಲ್ಕು ಸಾಲಿನ ಕೆಲಸ. ಆದರೆ ಎಲ್ಲಿ ತರಬೇಕು? ಹುಡುಕುವಾಗಲೋ, ಕಡತ ಉಳಿಸುವಾಗಲೋ? ಉಳಿಸುವಾಗ ಹೆಸರನ್ನೇ ಬದಲಿಸಿದರೆ, ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಟ್ಟ ಕೊಂಡಿಗಳು ಕಡಿದುಹೋಗಬಹುದು. ಇದನ್ನು ತೀರ್ಮಾನಿಸಬೇಕಾದವರು ಅದನ್ನು ಮುಂದೆ ನೋಡಿಕೊಳ್ಳುವವರು. ಕೇಳದೆ ಕೋಡ್ ಬರೆದು, ‘ನಾವು ಬೇರೆ ರೀತಿ ಮಾಡುತ್ತೇವೆ’ ಎಂಬ ಉತ್ತರ ಬಂದು ಎರಡು ವಾರದ ಶ್ರಮ ನೀರುಪಾಲಾದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಒಪ್ಪಿಗೆ ಬಂದರೆ, ಯೋಜನೆಯ ಕೋಡ್ ಇಟ್ಟಿರುವ ರೆಪೊಸಿಟರಿಯಲ್ಲಿರುವ ಕಾಂಟ್ರಿಬ್ಯೂಟಿಂಗ್ ಎಂಬ ಕಡತವನ್ನು ಪೂರ್ತಿ ಓದಿ. ಟೆಸ್ಟ್ ಹೇಗೆ ಓಡಿಸಬೇಕು, ಕಮಿಟ್ ಸಂದೇಶ (ಬದಲಾವಣೆ ದಾಖಲಿಸುವಾಗ ಬರೆಯುವ ವಿವರಣೆ) ಹೇಗಿರಬೇಕು ಎಂಬುದೆಲ್ಲ ಅಲ್ಲಿರುತ್ತದೆ. ನಿಮ್ಮ ಬದಲಾವಣೆಯ ಜತೆ ‘ಮೈಸೂರು’ ಪದದ ಎರಡೂ ರೂಪಗಳನ್ನಿಟ್ಟು ಒಂದು ಟೆಸ್ಟ್ ಸೇರಿಸಿ. ಮುಂದೆ ಯಾರಾದರೂ ತಿಳಿಯದೆ ಅದನ್ನು ಮುರಿದರೆ ಆ ಟೆಸ್ಟ್ ಕೂಗಿ ಹೇಳುತ್ತದೆ.

ಉತ್ತರ ಬರದೇ ಇರಬಹುದು, ಅದಕ್ಕೂ ಸಿದ್ಧರಾಗಿರಿ. ಎರಡು ವಾರ ಬಿಟ್ಟು ಒಮ್ಮೆ ವಿನಯದಿಂದ ನೆನಪಿಸಿ, ನಂತರ ಬಿಟ್ಟುಬಿಡಿ. ಹೊಸಬರನ್ನು ನಂಬಲು ಅವರು ಸಮಯ ತೆಗೆದುಕೊಳ್ಳುವುದಕ್ಕೂ ಕಾರಣವಿದೆ. 2024ರಲ್ಲಿ ಎಕ್ಸ್‌ಝಡ್ ಎಂಬ, ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇರುವ ಸಣ್ಣ ತಂತ್ರಾಂಶದಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ಅದನ್ನು ಇಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನೇ ಕಳುಹಿಸಿ, ಒಬ್ಬರೇ ದುಡಿದು ದಣಿದಿದ್ದ ಮೇಂಟೈನರ್‌ನ ನಂಬಿಕೆ ಗಳಿಸಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಅಂದಿನಿಂದ ಎಲ್ಲರೂ ಇನ್ನಷ್ಟು ಎಚ್ಚರ. ಆ ಎಚ್ಚರ ನಿಮ್ಮ ಮೇಲಿನ ಅನುಮಾನ ಎಂದು ತಿಳಿಯಬೇಡಿ.

ಕೋಡ್ ಒಂದೇ ದಾರಿಯಲ್ಲ. ಫೈರ್‌ಫಾಕ್ಸ್‌ನ ಅನುವಾದ ಪಾಂಟೂನ್ ಎಂಬ ತಾಣದಲ್ಲಿ, ಲಿಬ್ರೆಆಫೀಸ್‌ನದು ವೆಬ್ಲೇಟ್‌ನಲ್ಲಿ, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯದು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ನಡೆಯುತ್ತದೆ. ಮೂರಕ್ಕೂ ಬ್ರೌಸರ್ ಸಾಕು, ನಿಮ್ಮ 4 ಜಿಬಿ ಯಂತ್ರಕ್ಕೆ ತೊಂದರೆಯಿಲ್ಲ. ಅಪಾಯ ಏನೆಂದರೆ, ಕನ್ನಡದಲ್ಲಿ ಪರಿಶೀಲಿಸುವವರು ಕಡಿಮೆ, ನಿಮ್ಮ ಅನುವಾದ ತಿಂಗಳುಗಟ್ಟಲೆ ಒಪ್ಪಿಗೆಗೆ ಕಾಯಬಹುದು. ಯಂತ್ರಾನುವಾದ ಅಂಟಿಸಿ ನೂರು ವಾಕ್ಯ ಮುಗಿಸುವವರೂ ಇದ್ದಾರೆ, ಅದನ್ನು ತೊಳೆಯಲು ಇನ್ನೊಬ್ಬರಿಗೆ ಅದರ ಎರಡರಷ್ಟು ಸಮಯ ಬೇಕು. ಹತ್ತೇ ವಾಕ್ಯ ಮಾಡಿ, ಆದರೆ ನಿಮ್ಮ ಅಮ್ಮ ಆ ಗುಂಡಿ ಓದಿ ಒತ್ತುವಂತಿರಲಿ. ತಂತ್ರಾಂಶವನ್ನು ಅನುಸ್ಥಾಪಿಸುವ ಸೂಚನೆಗಳನ್ನು ಒಂದೊಂದಾಗಿ ಮಾಡಿ ನೋಡಿ, ಎಲ್ಲಿ ನಿಂತುಹೋಗುತ್ತದೋ ಅದನ್ನು ತಿದ್ದುವುದೂ ಒಳ್ಳೆಯ ಕೆಲಸ. ಹಳಬರ ಯಂತ್ರದಲ್ಲಿ ಎಲ್ಲವೂ ಮೊದಲೇ ಇರುವುದರಿಂದ ಆ ತಪ್ಪುಗಳು ಹೊಸಬರಿಗೇ ಕಾಣುತ್ತವೆ.

‘ಗುಡ್ ಫಸ್ಟ್ ಇಶ್ಯೂ’ ಸಾಲಿನಲ್ಲಿ ನಿಲ್ಲಲೇಬೇಕು ಎನಿಸಿದರೆ ‘ನನಗೆ ಕೊಡಿ’ ಎನ್ನಬೇಡಿ. ‘ಈ ದೋಷ ನನ್ನ ಯಂತ್ರದಲ್ಲೂ ಬರುತ್ತದೆ, ಇಂಥ ಫಂಕ್ಷನ್‌ನಲ್ಲಿ ಇದೆ ಎಂದು ಕಾಣುತ್ತದೆ’ ಎಂದು ಬರೆಯಿರಿ. ಆ ಮೂವತ್ತರಲ್ಲಿ ಇಪ್ಪತ್ತೊಂಬತ್ತು ಜನ ಅಷ್ಟು ದೂರ ಹೋಗಿರುವುದಿಲ್ಲ.

ಯಂತ್ರದ ವಿಷಯ: ಕ್ರೋಮಿಯಂ, ಆ್ಯಂಡ್ರಾಯ್ಡ್‌ನಂಥ ದೈತ್ಯ ಯೋಜನೆಗಳನ್ನು ಈಗ ಮುಟ್ಟಬೇಡಿ. ಪೈಥಾನ್‌ನಲ್ಲಿ ಬರೆದ ಮಧ್ಯಮ ಗಾತ್ರದವು ನಿಮಗೆ ಸರಿ. ಕ್ಲೋನ್ ಮಾಡುವಾಗ, ಅಂದರೆ ಕೋಡ್‌ನ ಪ್ರತಿ ಇಳಿಸಿಕೊಳ್ಳುವಾಗ, ಡೆಪ್ತ್ ಒಂದು ಎಂದು ಕೊಟ್ಟರೆ ಹಳೆಯ ಇತಿಹಾಸ ಬಿಟ್ಟು ಇತ್ತೀಚಿನ ಪ್ರತಿ ಮಾತ್ರ ಇಳಿಯುತ್ತದೆ, ಮೊಬೈಲ್ ಡೇಟಾ ಉಳಿಯುತ್ತದೆ.

ಕೆಲವು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇನೆ. ಕಮಿಟ್‌ನಲ್ಲಿ ಸೇರಿದ ಇಮೇಲ್ ವಿಳಾಸ ಶಾಶ್ವತವಾಗಿ ಜಗಜ್ಜಾಹೀರು, ಅದನ್ನು ಮರೆಮಾಡುವ ಸೌಲಭ್ಯ ಯೋಜನೆಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿದೆ, ಮೊದಲ ದಿನವೇ ಬಳಸಿ. ಪಾಸ್‌ವರ್ಡ್ ಇರುವ ಕಡತ ತಪ್ಪಿ ಸೇರಿದರೆ ಮರುದಿನ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ, ಪಾಸ್‌ವರ್ಡನ್ನೇ ಬದಲಿಸಬೇಕು. ಭದ್ರತೆಗೆ ಸಂಬಂಧಿಸಿದ ದೋಷ ಕಂಡರೆ ಎಲ್ಲರಿಗೂ ಕಾಣುವಂತೆ ಬರೆಯದೆ, ಆ ಯೋಜನೆ ಹೇಳಿರುವ ಖಾಸಗಿ ವಿಳಾಸಕ್ಕೆ ಕಳುಹಿಸಿ. ನಾಳೆ ಕೆಲಸಕ್ಕೆ ಸೇರಿದಾಗ ಒಪ್ಪಂದಪತ್ರದಲ್ಲಿ ನೀವು ಬರೆದ ಕೋಡ್ ಯಾರದು ಎಂಬ ಷರತ್ತನ್ನು ಓದದೆ ಸಹಿ ಹಾಕಬೇಡಿ. ಎಐ ಸಾಧನಗಳಿಂದ ಕೋಡ್ ಅರ್ಥ ಮಾಡಿಕೊಳ್ಳಲು ಸಹಾಯ ಪಡೆಯಿರಿ, ಆದರೆ ಅದು ಬರೆದದ್ದನ್ನು ಅರ್ಥವಾಗದೆ ಕಳುಹಿಸಬೇಡಿ. ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗಿಸುವ ಕರ್ಲ್ ಎಂಬ ತಂತ್ರಾಂಶವನ್ನು ನಡೆಸುವ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದ ಹುರುಳಿಲ್ಲದ ದೋಷ ವರದಿಗಳಿಂದ ರೋಸಿಹೋಗಿ ಬಹಿರಂಗವಾಗಿಯೇ ದೂರಿದ್ದಾರೆ. ‘ಈ ಸಾಲು ಏಕೆ?’ ಎಂದು ಕೇಳಿದಾಗ ನಿಮ್ಮಲ್ಲಿ ಉತ್ತರವಿರಬೇಕು.

ಕೆಲಸ ಸಿಗುತ್ತದೆಯೇ? ಖಾತರಿ ಯಾರೂ ಕೊಡಲಾರರು. ಮೈಸೂರಿನಲ್ಲಿ ಹೊಸಬರನ್ನು ಸಂದರ್ಶಿಸುವ ಮೇಜಿನ ಈಚೆ ನಾನು ಹಲವು ವರ್ಷ ಕುಳಿತಿದ್ದೇನೆ. ಎಷ್ಟು ಪುಲ್ ರಿಕ್ವೆಸ್ಟ್ ಎಂದು ನಾನು ಎಣಿಸಿದ್ದಿಲ್ಲ. ಒಂದನ್ನು ತೆರೆದು, ವಿಮರ್ಶೆ ಬಂದಾಗ ಅಭ್ಯರ್ಥಿ ಹೇಗೆ ಉತ್ತರಿಸಿದ್ದಾರೆ ಎಂದು ಓದುತ್ತೇನೆ. ಹಣವಿರುವ ದಾರಿಗಳೂ ಇವೆ. 2005ರಲ್ಲಿ ಆರಂಭವಾದ ಗೂಗಲ್ ಸಮ್ಮರ್ ಆಫ್ ಕೋಡ್ 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ತಂತ್ರಜ್ಞಾನದಲ್ಲಿ ಅವಕಾಶ ಸಿಗದ ಸಮುದಾಯಗಳವರಿಗಾಗಿ ಔಟ್‌ರೀಚಿ ಇದೆ. ಎರಡರಲ್ಲೂ ಪೈಪೋಟಿ ಬಿಗಿ, ಆ ಯೋಜನೆಯಲ್ಲಿ ಮೊದಲೇ ಕೆಲಸ ಮಾಡಿದವರಿಗೆ ದಾರಿ ಸುಲಭ.

ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದು. ಮುಕ್ತ ತಂತ್ರಾಂಶ ಎಂದರೆ ಬಿಟ್ಟಿ ದುಡಿಮೆ ಎಂದಲ್ಲ. ಲಿನಕ್ಸ್ ಕರ್ನಲ್‌ನ ಬಹುಪಾಲು ಕೆಲಸ ಸಂಬಳ ಪಡೆಯುವ ಎಂಜಿನಿಯರ್‌ಗಳಿಂದಲೇ ಆಗುತ್ತದೆ. ಆದರೆ ಆರಂಭದ ತಿಂಗಳುಗಳಲ್ಲಿ ನಿಮಗೆ ಹಣ ಬರುವುದಿಲ್ಲ, ಅದನ್ನು ಅವರಿಗೆ ಮುಚ್ಚಿಡಬೇಡಿ. ವಾರಕ್ಕೆ ನಾಲ್ಕೈದು ಗಂಟೆ ಎಂದು ಮಿತಿ ಹಾಕಿಕೊಳ್ಳಿ, ಪರೀಕ್ಷೆಯ ತಿಂಗಳಲ್ಲಿ ಅದನ್ನೂ ಬಿಡಿ.

ಈ ಭಾನುವಾರ ಗೆಳೆಯನಿಂದ ಆ ಆರು ಟಿಪ್ಪಣಿಗಳನ್ನು ಝಿಪ್ ಮಾಡಿ ತರಿಸಿಕೊಳ್ಳಿ. ‘ಮೈಸೂರು’ ಪದದ ಉದ್ದ ಆರೋ ಏಳೋ ನೋಡಿ. ಇಶ್ಯೂವಿನ ಕರಡನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ನನಗೆ ಕಳುಹಿಸಿ. ನೀವು ಅದನ್ನು ಯೋಜನೆಗೆ ಹಾಕುವ ಮೊದಲು ನಾನು ಒಮ್ಮೆ ಓದಿಕೊಡುತ್ತೇನೆ.